ಸತ್ತ ಸೈನಿಕನನ್ನು ಯಾವ ಖಾತೆಗೆ ಬರೆಯಲಿ?

ಕರೋಶಿಯಲ್ಲಿ ನಮ್ಮದೊಂದು ಚಿಕ್ಕ ಕಿರಾಣಿ ಅಂಗಡಿ ಇದೆ. ಸಂಜೆ ಅಬ್ಬಾ ನಮಾಜಿಗೆ ಹೋದಾಗ ಗಲ್ಲೆಯ ಮುಂದೆ ನಾನು ಕೂಡುತ್ತೇನೆ. ಉದ್ರಿ ಪುಸ್ತಕ ಬರೆಯುವುದೂ ನನ್ನ ಪಾಲಿನ ಕೆಲಸವೇ. ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಆಡುತ್ತೇನೆ. ಇದನ್ನು ಮುಚ್ಚಿಟ್ಟು ಗೇಮಿನ ಮೇಲೆ ಲೇಖನ ಬರೆದರೆ ದ್ವಿತೀಯ ಪಿಯು ಕಾಮರ್ಸಿನ ಹಿಂದಿನ ಬೆಂಚು ಪೂರ್ತಿ ನಗುತ್ತದೆ. ಆದ್ದರಿಂದ ಮೊದಲೇ ಒಪ್ಪಿಕೊಂಡಿದ್ದೇನೆ.

ಒಂದು ಸಂಜೆ ಅಬ್ಬಾ ಬರುವ ಹೊತ್ತಿಗೆ ನಾನು ಯಾರದೋ ಊರನ್ನು ಪೂರ್ತಿ ನೆಲಸಮ ಮಾಡಿ ಮೂರು ಸ್ಟಾರ್ ಗೆದ್ದಿದ್ದೆ. ಖುಷಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಖರ್ಚಾ ಕಿತ್ತಾ ಹುವಾ?" ಎಂದು ಕೇಳಿದರು. ಎಷ್ಟು ಖರ್ಚಾಯಿತು ಅಂತ. "ಏನೂ ಆಗಿಲ್ಲ ಅಬ್ಬಾ, ಸೈನ್ಯ ಫ್ರೀ" ಎಂದೆ. "ಐಸಾ ಧಂದಾ ಹೈ ತೋ ಮುಜೇ ಭೀ ಬತಾ" ಎಂದು ನಕ್ಕು, ಅಕ್ಕಿ ಚೀಲದ ಬಾಯಿ ಬಿಚ್ಚಲು ಹೋದರು. ಅಂಥ ವ್ಯಾಪಾರ ಇದ್ದರೆ ನನಗೂ ಹೇಳು ಎಂದರ್ಥ. ಅವರು ಅಲ್ಲಿಗೆ ಮರೆತರು. ನನಗೆ ಮಾತ್ರ ಆ ಪ್ರಶ್ನೆ ಇನ್ನೂ ಮರೆತಿಲ್ಲ.

ಆಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಇದು ಫಿನ್‌ಲ್ಯಾಂಡಿನ ಸೂಪರ್‌ಸೆಲ್ ಕಂಪನಿ 2012ರಲ್ಲಿ ತಂದ ಗೇಮ್. ನಿಮಗೆ ಒಂದು ಊರು ಇರುತ್ತದೆ. ಗೋಡೆ, ತೋಪು, ಬಿಲ್ಲುಗಾರರ ಗೋಪುರ ಕಟ್ಟಬೇಕು, ಬೇರೆಯವರ ಊರಿಗೆ ದಾಳಿ ಇಡಬೇಕು. ಒಂದು ದಾಳಿಗೆ ಮೂರು ನಿಮಿಷ. ದೈತ್ಯ ಮೊದಲು ತೋಪು, ಗೋಪುರಗಳನ್ನೇ ಹುಡುಕಿಕೊಂಡು ಹೋಗುತ್ತಾನೆ, ಹೊಡೆತವೆಲ್ಲ ಅವನ ಮೇಲೆ ಬೀಳುತ್ತದೆ. ಅವನ ಹಿಂದೆ ಬಿಲ್ಲುಗಾರರನ್ನು ಬಿಟ್ಟರೆ ಅವರು ಉಳಿಯುತ್ತಾರೆ. ವಾಲ್ ಬ್ರೇಕರ್ ಬಾಂಬು ಹಿಡಿದು ಗೋಡೆಗೆ ಓಡಿ, ಗೋಡೆಯ ಜೊತೆ ತಾನೂ ಸಿಡಿಯುತ್ತಾನೆ. ಡ್ರ್ಯಾಗನ್ ಒಂದು, ಇಪ್ಪತ್ತು ಸೈನಿಕರ ಜಾಗ ತಿನ್ನುತ್ತದೆ. ಯಾರನ್ನು ಎಲ್ಲಿ, ಯಾವ ಕ್ಷಣಕ್ಕೆ ಇಳಿಸಬೇಕು ಎಂಬುದರಲ್ಲಿ ನಿಜವಾದ ಬುದ್ಧಿ ಬೇಕು. "ಇದೇನು ಬೆರಳಾಟ" ಎನ್ನುವ ಲೆಕ್ಚರರ್‌ಗಳು ಒಂದು ಸಲ ಆಡಿ ನೋಡಲಿ, ಎರಡು ಸ್ಟಾರ್ ತಂದರೆ ನಾನು ಒಂದು ವಾರ ಮೊದಲ ಬೆಂಚಿನಲ್ಲಿ ಕೂಡುತ್ತೇನೆ.

ಹಾಗಾದರೆ ತಕರಾರು ಏನು? ಇಂಥ ಗೇಮಿನಿಂದ ಹುಡುಗರು ಹಿಂಸೆ ಕಲಿಯುತ್ತಾರೆ ಎಂದು ಪಾಲಕರ ಸಭೆಯಲ್ಲಿ ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗೆ ಅನಿಸುವುದಿಲ್ಲ. ನಾವು ಯಾರೂ ಬಾಂಬು ಹಿಡಿದು ಕಾಲೇಜಿನ ಕಂಪೌಂಡ್ ಒಡೆದಿಲ್ಲ. ನನ್ನ ತಕರಾರು ಕಾಮರ್ಸ್ ವಿದ್ಯಾರ್ಥಿಯ ತಕರಾರು. ಈ ಗೇಮ್ ಯುದ್ಧದ ಜಮಾ ಬರೆಯುತ್ತದೆ, ಖರ್ಚು ಬರೆಯುವುದಿಲ್ಲ.

ಮೊದಲು ಸ್ವಲ್ಪವಾದರೂ ಬರೆಯುತ್ತಿತ್ತು. ಪ್ರತಿ ಸೈನಿಕನ ತರಬೇತಿಗೆ ಎಲಿಕ್ಸಿರ್ ಎಂಬ ಗುಲಾಬಿ ದ್ರವ ಕೊಡಬೇಕಿತ್ತು, ಡ್ರ್ಯಾಗನ್ ತಯಾರಾಗುವ ತನಕ ಕಾಯಬೇಕಿತ್ತು. 2022ರಲ್ಲಿ ಆ ವೆಚ್ಚ ತೆಗೆದರು. 2025ರ ಮಾರ್ಚಿನಲ್ಲಿ ಕಾಯುವ ಸಮಯವನ್ನೂ ತೆಗೆದರು. ಆಡುವವರಿಗೆ ಹಬ್ಬ, ನನಗೂ ಹಬ್ಬವೇ ಆಗಿತ್ತು. ಈಗ ಇಡೀ ಸೈನ್ಯ ಸತ್ತರೂ ಮರುಕ್ಷಣ ಅಷ್ಟೇ ಸೈನ್ಯ ಸಾಲಾಗಿ ನಿಂತಿರುತ್ತದೆ. ನಾವು ಸುಟ್ಟ ಊರು ತಾನೇ ರಿಪೇರಿಯಾಗುತ್ತದೆ. ಲೆಕ್ಕಶಾಸ್ತ್ರದಲ್ಲಿ ನಾವು ಕುರ್ಚಿ, ಟೇಬಲ್ಲಿಗೂ ವರ್ಷಕ್ಕೆ ಹತ್ತು ಪರ್ಸೆಂಟ್ ಸವಕಳಿ ಬರೆಯುತ್ತೇವೆ. ಇಲ್ಲಿ ಮನುಷ್ಯನಿಗೂ ಸವಕಳಿ ಇಲ್ಲ.

ಚಾಚಾನ ಜೊತೆ ಶತರಂಜ್ ಆಡುವಾಗ ಹೀಗಾಗುವುದಿಲ್ಲ. ಹೋದ ಆನೆ ಹೋಯಿತು. ಹಲಗೆಯ ಪಕ್ಕದಲ್ಲಿ ಮಲಗಿಕೊಂಡು ಆಟ ಮುಗಿಯುವ ತನಕ ನಮ್ಮನ್ನೇ ನೋಡುತ್ತಿರುತ್ತದೆ. ಹುಲಿ ಕುರಿ ಆಟದಲ್ಲೂ ಹುಲಿ ತಿಂದ ಕುರಿ ತಿರುಗಿ ಬರುವುದಿಲ್ಲ. ಹಳೆಯ ಆಟ ಕಟ್ಟಿದವರಿಗೆ ಇಷ್ಟು ಲೆಕ್ಕ ಗೊತ್ತಿತ್ತು.

ನಮ್ಮದೇ ನಾಡಿನ ನಿಜವಾದ ಯುದ್ಧಗಳಲ್ಲಿ ಖರ್ಚಿನ ಪುಟ ಹೇಗಿತ್ತು ಎಂದು ಲೈಬ್ರರಿಯಲ್ಲಿ ಹುಡುಕಿದೆ. ಹುಡುಕಿದ್ದು 1520ರ ರಾಯಚೂರು ಯುದ್ಧ. ಒಂದು ಕಡೆ ವಿಜಯನಗರದ ಕೃಷ್ಣದೇವರಾಯ, ಇನ್ನೊಂದು ಕಡೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ. ಪರೀಕ್ಷೆಯಲ್ಲಿ ಇಸವಿ ಮತ್ತು ಗೆದ್ದವರ ಹೆಸರು ಬರೆದರೆ ಸಾಕು. ಆದರೆ ವಿಜಯನಗರದ ಬಗ್ಗೆ ಬರೆದಿಟ್ಟ ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯ ಪ್ರಕಾರ ಆ ಯುದ್ಧ ಶುರುವಾದದ್ದು ಒಂದು ಅಡ್ವಾನ್ಸ್ ಹಣದಿಂದ. ರಾಯನು ತನ್ನ ಬಳಿ ಬಹಳ ಕಾಲದಿಂದ ಇದ್ದ ಸೀದೆ ಮರ್ಕಾರ್ ಎಂಬ ಮುಸ್ಲಿಂ ವ್ಯಾಪಾರಿಗೆ ಗೋವೆಯಲ್ಲಿ ಕುದುರೆ ಕೊಳ್ಳಲು 40,000 ಪರ್ದಾವ್ ಕೊಟ್ಟು ಕಳಿಸಿದ. ಪರ್ದಾವ್ ಎಂದರೆ ಆಗಿನ ಚಿನ್ನದ ನಾಣ್ಯ. ಅವನು ಹಣದ ಸಮೇತ ಆದಿಲ್ ಶಾಹನ ಕಡೆ ಓಡಿಹೋದ. ರಾಯ ವಾಪಸ್ ಕೇಳಿದ, ಅವರು ಕೊಡಲಿಲ್ಲ. ಓದಿದಾಗ ನನಗೆ ನಮ್ಮ ಉದ್ರಿ ಪುಸ್ತಕದ ಕೆಲವು ಹೆಸರುಗಳು ನೆನಪಾದವು. ಅಬ್ಬಾ ಅವರ ಮೇಲೆ ಸೈನ್ಯ ಒಯ್ಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ಮಾತು. ಗೇಮಿನಲ್ಲಿ ಒಂದು ಪಕ್ಷಕ್ಕೆ ಒಂದೇ ಬಣ್ಣ. ನಮ್ಮೂರ ಕಟ್ಟೆಯ ಮೇಲೂ ಈ ಯುದ್ಧಗಳನ್ನು ಹಾಗೇ ಎರಡು ಬಣ್ಣ ಬಳಿದು ಹೇಳುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ವಿಜಯನಗರದ ರಾಯ ತನ್ನ ಖಜಾನೆಯ ಹಣವನ್ನು ನಂಬಿಕೆಯಿಂದ ಕೊಟ್ಟದ್ದು ಒಬ್ಬ ಮುಸ್ಲಿಂ ವ್ಯಾಪಾರಿಗೆ. ರಾಯರ ಸೈನ್ಯದಲ್ಲಿ ಮುಸ್ಲಿಮರಿದ್ದರು, ಆದಿಲ್ ಶಾಹಿ ಸೈನ್ಯದಲ್ಲಿ ಮರಾಠರಿದ್ದರು. ಸಂಬಳದ ಪಟ್ಟಿ ನೋಡಿದವರಿಗೆ ಬಣ್ಣದ ಕಥೆ ಹೇಳುವುದು ಕಷ್ಟ.

ಇನ್ನು ಕುದುರೆ. ಗೇಮಿನಲ್ಲಿ ಸವಾರ ಬೇಕಾದರೆ ಒಂದು ಬಟನ್. ದಖ್ಖನ್ನಿನ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯುತ್ತಿರಲಿಲ್ಲ, ಹೊರ್ಮುಜ್‌ನಿಂದ ಹಡಗಿನಲ್ಲಿ ಬರಬೇಕಿತ್ತು. ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದು ನ್ಯೂನಿಜ್ ಬರೆದಿದ್ದಾನೆ, ಹೊರ್ಮುಜ್‌ನವು ಮತ್ತು ದೇಶಿ ತಳಿ ಎರಡೂ ಸೇರಿ. ಅದಕ್ಕೂ ಮೊದಲು ಸಾಳುವ ನರಸಿಂಹನ ಕಾಲದ ಸಂಗತಿ ಇನ್ನೂ ಮಜಾ ಇದೆ. ಸಾವಿರ ಪರ್ದಾವಿಗೆ ಮೂರು ಕುದುರೆ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಜೀವಂತ ಕುದುರೆಯ ರೇಟೇ ಕೊಡುತ್ತಿದ್ದನಂತೆ. ನಮ್ಮ ಲೆಕ್ಕಶಾಸ್ತ್ರದ ಸರ್‌ಗೆ ಇದನ್ನು ಹೇಳಿದಾಗ, "ಬಾಲ ಅನ್ನೋದು ವೋಚರ್ ಅಲ್ಲೇನಪಾ" ಎಂದರು. ಕ್ಲಾಸ್ ಐದು ನಿಮಿಷ ನಿಂತುಹೋಯಿತು. ಆದರೆ ಯೋಚಿಸಿ, ಸತ್ತ ಕುದುರೆಗೂ ದುಡ್ಡು ಕೊಟ್ಟರೇನೇ ವ್ಯಾಪಾರಿ ಮುಂದಿನ ವರ್ಷ ತಿರುಗಿ ಬರುತ್ತಾನೆ, ಇಲ್ಲದಿದ್ದರೆ ಎದುರಾಳಿಗೆ ಮಾರುತ್ತಾನೆ. ಆ ನಷ್ಟವೂ ಯುದ್ಧದ ಖರ್ಚೇ.

ಯುದ್ಧದ ದಿನದ ಕಥೆ ಗೇಮ್ ಆಡುವವರಿಗೆ ಬೇಗ ತಿಳಿಯುತ್ತದೆ. ಆದಿಲ್ ಶಾಹನ ಹತ್ತಿರ ತೋಪು ಬಹಳ ಇದ್ದವು. ಎಲ್ಲವನ್ನೂ ಒಮ್ಮೆಲೇ ಹಾರಿಸಿದ. ರಾಯನ ಮುಂದಿನ ಸಾಲು ಚದುರಿ ಹಿಂದೆ ಓಡಿತು. ಆದರೆ ಒಂದು ಸಲ ಹಾರಿಸಿದ ತೋಪಿಗೆ ಮತ್ತೆ ಮದ್ದು ತುಂಬಲು ಹೊತ್ತು ಬೇಕು. ಗೇಮಿನಲ್ಲಿ ನಾವು ಕೂಲ್‌ಡೌನ್ ಎನ್ನುತ್ತೇವಲ್ಲ, ಅದೇ. ಆ ಹೊತ್ತಿನಲ್ಲಿ ರಾಯ ಉಳಿದವರನ್ನು ಒಟ್ಟುಗೂಡಿಸಿ ಮುಂದೆ ನುಗ್ಗಿದ, ಬಿಜಾಪುರದ ಸೈನ್ಯ ನದಿಯ ತನಕ ಓಡಿತು. ನಂತರ ರಾಯಚೂರು ಕೋಟೆ ಬಿದ್ದದ್ದು ಕ್ರಿಸ್ಟೋವಾವ್ ದ ಫಿಗೇರೆದೊ ಎಂಬ ಪೋರ್ಚುಗೀಸ್ ವ್ಯಾಪಾರಿ ಮತ್ತು ಅವನ ಜೊತೆಗಿದ್ದ ಇಪ್ಪತ್ತು ಬಂದೂಕುಗಾರರು ಗೋಡೆಯ ಮೇಲಿದ್ದವರನ್ನು ಗುರಿಯಿಟ್ಟು ಹೊಡೆದ ಮೇಲೆ. ಲಕ್ಷಗಟ್ಟಲೆ ಸೈನ್ಯ ಇದ್ದಲ್ಲಿ ಇಪ್ಪತ್ತು ಜನ ಆಟ ತಿರುಗಿಸಿದರು. ಇಲ್ಲಿಯವರೆಗೆ ಗೇಮ್ ಮತ್ತು ಇತಿಹಾಸ ಒಂದೇ ದಾರಿಯಲ್ಲಿ ಹೋಗುತ್ತವೆ.

ಗೆದ್ದ ಮೇಲೆ ಬೇರೆಯಾಗುತ್ತವೆ. ರಾಯನಿಗೆ ಸಿಕ್ಕ 4,000 ಹೊರ್ಮುಜ್ ಕುದುರೆ, 400 ದೊಡ್ಡ ತೋಪುಗಳ ಪಟ್ಟಿ ಕೊಟ್ಟ ನ್ಯೂನಿಜ್, ಇನ್ನೊಂದು ಪಟ್ಟಿಯನ್ನೂ ಬರೆದಿದ್ದಾನೆ. ರಾಯನ ಕಡೆಯೇ ಸತ್ತವರು ಹದಿನಾರು ಸಾವಿರಕ್ಕೂ ಹೆಚ್ಚು. ಅವರನ್ನೆಲ್ಲ ದಹನ ಮಾಡಿಸಿ, ಅವರ ಹೆಸರಿನಲ್ಲಿ ದಾನ ಕೊಡಿಸಿದನಂತೆ. ಗೆದ್ದವನೂ ಹೆಣ ಎಣಿಸಿದ. ನನ್ನ ಗೇಮಿನಲ್ಲಿ ಈ ಎರಡನೇ ಪಟ್ಟಿ ಮರುದಾಳಿಗೆ ತಡೆಯಾಗುವುದಿಲ್ಲ.

45 ವರ್ಷದ ನಂತರ, 1565ರ ಜನವರಿ 23ರಂದು ತಾಳಿಕೋಟೆ. ಇದನ್ನು ಬೇಗ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ಆದರೆ ಫರಿಶ್ತಾ ಬರೆದ ಎರಡು ಸಂಗತಿ ಯಾರೂ ನಮಗೆ ಹೇಳಿರಲಿಲ್ಲ. ಯುದ್ಧ ಬಿಗಿಯಾದಾಗ ರಾಮರಾಯ ಸಿಂಹಾಸನದಲ್ಲಿ ಕೂತು, ಹೋರಾಡಿದವರಿಗೆ ಇನಾಮು ಕೊಡಲು ಸುತ್ತ ನಾಣ್ಯದ ರಾಶಿ ಹಾಕಿಸಿದ. ಎದುರು ಪಕ್ಷದ ತೋಪಿನ ಮುಖ್ಯಸ್ಥ ರೂಮಿ ಖಾನ್, ವಿಜಯನಗರದವರು ಹತ್ತಿರ ಬಂದಾಗ ತೋಪುಗಳಿಗೆ ತಾಮ್ರದ ನಾಣ್ಯದ ಚೀಲಗಳನ್ನೇ ತುಂಬಿ ಹಾರಿಸಿದ. ಒಬ್ಬ ನಾಣ್ಯ ರಾಶಿ ಹಾಕಿದ, ಇನ್ನೊಬ್ಬ ಅದನ್ನೇ ಗುಂಡು ಮಾಡಿದ. ಈ ಸಾಲು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ.

ಹಣ ಎಂದಾಗ ನನ್ನದೊಂದು ತಪ್ಪು ಹೇಳಲೇಬೇಕು. ಎರಡು ವರ್ಷದ ಹಿಂದೆ, ಈಗ ಹೇಳಿದ ಗೇಮ್ ಅಲ್ಲ, ಬೇರೊಂದು ರಾಜ್ಯ ಕಟ್ಟುವ ಗೇಮ್ ಆಡುತ್ತಿದ್ದೆ. ಅಲ್ಲಿ ಗಾಯಗೊಂಡ ಸೈನಿಕರು ಏಳಲು ಎಂಟು ತಾಸು ಬೇಕು, ಅಥವಾ ರತ್ನ ಕೊಂಡರೆ ಈಗಲೇ ಏಳುತ್ತಾರೆ. ಎದುರಾಳಿ ಬರುತ್ತಿದ್ದ. ಅಮ್ಮಿ ಬೀಡಿ ಕಟ್ಟಿ ಕೂಡಿಟ್ಟ ಹಣ ಅವರ ಫೋನಿನ ಖಾತೆಯಲ್ಲಿತ್ತು. ಮೂರು ಸಲ ಒತ್ತಿದೆ, ಆರು ನೂರು ಚಿಲ್ಲರೆ ರೂಪಾಯಿ ಹೋಯಿತು. ಅಮ್ಮಿ ಬೈಯಲಿಲ್ಲ. ಅಷ್ಟಕ್ಕೆ ಎಷ್ಟು ಸಾವಿರ ಬೀಡಿ ಆಗುತ್ತದೆ ಎಂದು ಬೆರಳು ಮಡಚಿ ಎಣಿಸಿದರು, ಮೊರ ತೊಡೆಯ ಮೇಲೆ ಇಟ್ಟುಕೊಂಡರು. ಗೇಮಿನೊಳಗೆ ಖರ್ಚಿನ ಖಾತೆ ಇಲ್ಲ ಎಂದೆನಲ್ಲ, ಆ ಖಾತೆ ಇರುತ್ತದೆ. ಅದು ಬೇರೆಯವರ ಮನೆಯಲ್ಲಿ ಇರುತ್ತದೆ.

2025ರ ಮೇ 7ರಿಂದ 10ರ ತನಕ ನಮ್ಮ ದೇಶ ಮತ್ತು ಪಾಕಿಸ್ತಾನದ ನಡುವೆ ಕ್ಷಿಪಣಿ, ಡ್ರೋನ್ ಹಾರಿದ ನಾಲ್ಕು ದಿನ ನಿಮಗೆಲ್ಲ ನೆನಪಿದೆ. ನಮ್ಮ ಗೇಮಿನ ವಾಟ್ಸಾಪ್ ಗುಂಪಿನಲ್ಲಿ ಹುಡುಗರು ಹಗಲು ರಾತ್ರಿ "ತ್ರೀ ಸ್ಟಾರ್ ಹೊಡೀರಿ" ಎಂದು ಬರೆಯುತ್ತಿದ್ದರು. ನಾನೂ ಬೆಂಕಿಯ ಚಿತ್ರ ಹಾಕಿದ್ದೆ. ನಮ್ಮ ಹುಡುಗರು ಕೆಟ್ಟವರಲ್ಲ, ಅಭ್ಯಾಸ ಹಾಗೆ. ದಾಳಿ ಎಂದರೆ ಮೂರು ನಿಮಿಷ, ಆಮೇಲೆ ಎಲ್ಲ ಮೊದಲಿನಂತೆ. ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವ ಗೆಳೆಯ ಮಾತ್ರ ಎರಡನೇ ದಿನ ಏನೂ ಹೇಳದೆ ಹೊರಗೆ ಹೋದ. ಅವನ ಅಣ್ಣ ಸೈನ್ಯದಲ್ಲಿದ್ದಾನೆ, ಆಗ ಜಮ್ಮುವಿನಲ್ಲಿದ್ದ. ಫೋನ್ ಹತ್ತುತ್ತಿರಲಿಲ್ಲವಂತೆ. ಹನ್ನೊಂದನೇ ತಾರೀಖು ಮಧ್ಯಾಹ್ನ ಅಣ್ಣನ ಫೋನ್ ಬಂದ ಮೇಲೆ ಅವರ ಅವ್ವ ಊಟ ಮಾಡಿದರು ಎಂದು ಅವನೇ ಆಮೇಲೆ ಹೇಳಿದ. ಅವನು ಈಗ ನಮ್ಮ ಜೊತೆ ಆಡುತ್ತಾನೆ, ಗುಂಪಿಗೆ ತಿರುಗಿ ಸೇರಿಲ್ಲ.

ಗೇಮ್ ಬಿಡಿ ಎಂದು ನಾನು ಹೇಳುವುದಿಲ್ಲ, ನಾನೇ ಬಿಟ್ಟಿಲ್ಲ. ಖರ್ಚು ಬರೆಯುವ ಗೇಮ್ ಒಂದಿದ್ದರೆ ಹೇಗಿರುತ್ತದೆ ಎಂದು ನಾವು ನಾಲ್ವರು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಮಾಡಿ ನೋಡಿದೆವು. ಪ್ರತಿ ರಾಜನಿಗೆ ನೂರು ಚೀಲ ಜೋಳ. ಸೈನಿಕ ಒಂದು ಸುತ್ತಿಗೆ ಒಂದು ಚೀಲ ತಿನ್ನುತ್ತಾನೆ, ಕುದುರೆ ಮೂರು. ಗೋವೆಯಿಂದ ಕುದುರೆ ಬರಲು ಎರಡು ಸುತ್ತು, ನಾಣ್ಯ ಚಿಮ್ಮಿದಾಗ ಛಾಪಾ ಬಿದ್ದರೆ ದಾರಿಯಲ್ಲೇ ಸಾಯುತ್ತದೆ. ಸೈನ್ಯ ದೂರ ಹೋದರೆ ಎತ್ತುಗಳ ಮೇಲೆ ಧಾನ್ಯ ತರುವ ಲಂಬಾಣಿಗರಿಗೆ ಬಾಡಿಗೆ ಕೊಡಬೇಕು, ಹಿಂದೆ ಮೊಘಲರೂ ಇಂಗ್ಲಿಷರೂ ಕೊಟ್ಟಂತೆ. ಸತ್ತ ಪ್ರತಿ ಸೈನಿಕನ ಮನೆಗೆ ಆಟ ಮುಗಿಯುವ ತನಕ ಸುತ್ತಿಗೆ ಅರ್ಧ ಚೀಲ. ಈ ಕೊನೆಯ ನಿಯಮ ಹಾಕಿದ್ದು ಆ ಗೆಳೆಯ.

ಮೊದಲ ದಿನ ಒಬ್ಬ ಮೂರನೇ ಸುತ್ತಿಗೇ ದಾಳಿ ಮಾಡಿ ನನ್ನ ಕೋಟೆ ಗೆದ್ದ. ಏಳನೇ ಸುತ್ತಿಗೆ ಅವನ ಹತ್ತಿರ ಜೋಳ ಇರಲಿಲ್ಲ, ಗೆದ್ದ ಕುದುರೆಗಳನ್ನು ನನಗೇ ಅರ್ಧ ರೇಟಿಗೆ ಮಾರಿದ. ಎರಡನೇ ದಿನ ಹನ್ನೊಂದು ಸುತ್ತು ಯಾರೂ ದಾಳಿಯನ್ನೇ ಮಾಡಲಿಲ್ಲ, ಬರೀ ವ್ಯಾಪಾರ. ಬೋರ್ ಆಯಿತು ಎಂದು ಒಬ್ಬ ಎದ್ದುಹೋದ. ಅವನು ಹೇಳಿದ್ದೂ ನಿಜ, ನಿಯಮ ಇನ್ನೂ ಸರಿಯಾಗಿಲ್ಲ. ಅರ್ಧ ಚೀಲ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನಮ್ಮಲ್ಲೇ ಜಗಳ ನಡೆದಿದೆ. ನೋಟ್‌ಬುಕ್ಕು ನನ್ನ ಹತ್ತಿರವಿದೆ. ಊಟದ ಬಿಡುವಿನಲ್ಲಿ ಕಾಮರ್ಸ್ ವಿಭಾಗದ ಕೊನೆಯ ಕೋಣೆಗೆ ಬನ್ನಿ, ಐದನೇ ರಾಜನ ಜಾಗ ಖಾಲಿ ಇದೆ. ಪೆನ್ಸಿಲ್ ಮತ್ತು ರಬ್ಬರ್ ನೀವೇ ತರಬೇಕು.