ಸಾಕ್ಷ್ಯಚಿತ್ರ ಬರಲಿ, ಅಪ್ಪಣೆ ಮಾತ್ರ ಆಕೆಯದಿರಲಿ



ಲೈಂಗಿಕ ದೌರ್ಜನ್ಯ ಅನುಭವಿಸಿದ ಹೆಣ್ಣುಮಕ್ಕಳು ಮುಖ ಮರೆಸಿಕೊಳ್ಳದೆ ಸಾಕ್ಷ್ಯಚಿತ್ರಗಳಲ್ಲಿ ಮಾತಾಡಬೇಕು, ಆಗಲೇ ಸಮಾಜದ ಕಣ್ಣು ತೆರೆಯುತ್ತದೆ ಎನ್ನುವವರಿದ್ದಾರೆ. ಅವರ ಕಳಕಳಿ ದೊಡ್ಡದು. ಆದರೆ ಯಾದಗಿರಿ, ಶಹಾಪುರ, ಸುರಪುರದ ಕಡೆ ಬಾಳುವವರು ಈ ಮಾತನ್ನು ಇದ್ದಹಾಗೇ ಒಪ್ಪಲಾರರು. ಇಲ್ಲಿ ಒಬ್ಬಳು ಬಾಯಿಬಿಟ್ಟರೆ ದಂಡ ತೆರುವುದು ಇಡೀ ಕೇರಿ.

2024ರ ಸೆಪ್ಟೆಂಬರ್‌ನಲ್ಲಿ ಸುರಪುರ ಸೀಮೆಯ ಹಳ್ಳಿಯೊಂದರಲ್ಲಿ ನಡೆದದ್ದು ಪತ್ರಿಕೆಗಳಲ್ಲಿ ಬಂದಿದೆ. ದೌರ್ಜನ್ಯಕ್ಕೊಳಗಾದ ದಲಿತ ಬಾಲಕಿಯ ಮನೆಯವರು ರಾಜಿಗೆ ಒಪ್ಪದೆ ಪೋಕ್ಸೊ ಕಾಯ್ದೆಯಡಿ ದೂರು ಕೊಟ್ಟರು. ಅಷ್ಟಕ್ಕೇ ದಲಿತ ಕುಟುಂಬಗಳಿಗೆಲ್ಲ ಬಹಿಷ್ಕಾರ ಬಿತ್ತು. ಅಂಗಡಿಯಲ್ಲಿ ಕಿರಾಣಿ ಸಾಮಾನು ಕೊಡಲಿಲ್ಲ, ಮಕ್ಕಳಿಗೆ ಪೆನ್ನು, ನೋಟ್‌ಬುಕ್ಕು ಸಿಗಲಿಲ್ಲ. ಅಧಿಕಾರಿಗಳು ಊರಿಗೆ ಬಂದು ಸಭೆ ನಡೆಸಬೇಕಾಯಿತು. ಊರಿನ ಹೆಸರನ್ನು ಈ ಪತ್ರದಲ್ಲಿ ಬರೆದಿಲ್ಲ. ಹುಡುಗಿಯ ಹೆಸರು, ಫೋಟೊ ಮಾತ್ರವಲ್ಲ, ಮನೆತನ, ಶಾಲೆ, ನೆರೆಹೊರೆಯ ಗುರುತನ್ನೂ ಮಾಧ್ಯಮಗಳು ಕೊಡಬಾರದೆಂದು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಆದರೂ 2025ರ ಆಗಸ್ಟ್‌ನಲ್ಲಿ ಯಾದಗಿರಿ ಜಿಲ್ಲೆಯ ಸರ್ಕಾರಿ ವಸತಿ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಗೆ ಹೆರಿಗೆಯಾದಾಗ ಶಾಲೆಯ ವಿಳಾಸ ರಾಜ್ಯಕ್ಕೆಲ್ಲ ಗೊತ್ತಾಯಿತು. ಆ ಹುಡುಗಿ ಮತ್ತೆ ಓದಲು ಹೋಗಬೇಕಾದ ಊರುಗಳು ಇವೇ ಎಂಬುದನ್ನು ಸುದ್ದಿಮನೆಗಳು ಯೋಚಿಸಬೇಕಿತ್ತು.

ಹಾಸನದ ಪ್ರಕರಣವಂತೂ ಇನ್ನೂ ಹಸಿಯಾಗಿದೆ. 2024ರ ಏಪ್ರಿಲ್‌ನಲ್ಲಿ, ಲೋಕಸಭೆ ಚುನಾವಣೆಯ ಹೊತ್ತಿಗೆ, ಮಹಿಳೆಯರ ಮುಖವನ್ನೂ ಮಸುಕು ಮಾಡದ ವಿಡಿಯೊಗಳನ್ನು ಪೆನ್‌ಡ್ರೈವ್‌ಗಳಲ್ಲಿ ತುಂಬಿ ಹಂಚಲಾಯಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ, ಆ ವಿಡಿಯೊಗಳ ಸಂಬಂಧ ಆರೋಪಿಯಾಗಿದ್ದ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಒಂದು ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ಮೊಬೈಲಿನಿಂದ ಮೊಬೈಲಿಗೆ ಹೋದ ಆ ಮುಖಗಳನ್ನು ಯಾವ ತೀರ್ಪು ವಾಪಸು ತರಬೇಕು? ಇದನ್ನು ಕಂಡ ಹೆಣ್ಣುಮಕ್ಕಳ ಮುಂದೆ ಯಾರೋ ಅಪರಿಚಿತರು ಕ್ಯಾಮೆರಾ ಇಟ್ಟು ‘ಧೈರ್ಯವಾಗಿ ಹೇಳಮ್ಮಾ’ ಎಂದರೆ ಅವರು ಹಿಂಜರಿಯುವುದು ಸಹಜ. ಅದನ್ನು ಅಂಜುಬುರುಕತನ ಎನ್ನುವುದು ಅನ್ಯಾಯ.

ಸಾಕ್ಷ್ಯಚಿತ್ರ ಎಂದ ಮಾತ್ರಕ್ಕೆ ಅದು ಆಕೆಯ ದನಿಯಾಗುವುದಿಲ್ಲ. 2010ರಲ್ಲಿ ಬ್ರಿಟನ್ನಿನ ಸಾರಾ ಹ್ಯಾರಿಸ್ ದೇವದಾಸಿಯರ ಬಗ್ಗೆ ‘ವೈಸ್’ ಸಂಸ್ಥೆಗಾಗಿ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಚಿತ್ರ ಮಾಡಿದರು. ಗಡಿಯಾಚೆ ಮಹಾರಾಷ್ಟ್ರದ ಸಾಂಗಲಿಯಲ್ಲಿ ‘ವ್ಯಾಂಪ್’ ಎಂಬ ಲೈಂಗಿಕ ಕಾರ್ಯಕರ್ತೆಯರ ಸಂಘಟನೆಯಿದೆ. ಅದರಲ್ಲಿ ಉತ್ತರ ಕರ್ನಾಟಕ ಮೂಲದ, ಕನ್ನಡವಾಡುವ ಹೆಂಗಸರೂ ಇದ್ದಾರೆ. ತಮ್ಮನ್ನು ನಂಬಿಸಿ ಚಿತ್ರೀಕರಿಸಿ, ಹೇಳಿದ್ದನ್ನೇ ತಿರುಚಿದ್ದಾರೆ, ಒಬ್ಬರ ಎಚ್‌ಐವಿ ವಿಷಯವನ್ನೂ ಬಯಲಿಗಿಟ್ಟಿದ್ದಾರೆ ಎಂದು ಅವರು ಸಿಡಿದೆದ್ದರು. ಸುಮ್ಮನೆ ಕೂರದೆ ತಾವೇ ಕ್ಯಾಮೆರಾ ಮುಂದೆ ನಿಂತು, ಆ ಚಿತ್ರಕ್ಕೆ ಉತ್ತರವಾಗಿ ತಮ್ಮದೇ ವಿಡಿಯೊ ಮಾಡಿ ಲೋಕಕ್ಕೆ ತೋರಿಸಿದರು. ತಮ್ಮನ್ನು ಬರೀ ಬಲಿಪಶುಗಳೆಂದು ತೋರಿಸುವುದಕ್ಕೂ ಅವರ ತಕರಾರಿತ್ತು. ಆ ಉತ್ತರದ ವಿಡಿಯೊವನ್ನು ಪತ್ರಿಕೋದ್ಯಮ ಕಲಿಸುವ ಪ್ರತಿ ಕಾಲೇಜೂ ತೋರಿಸಬೇಕು.

ಬೇರೆ ದಾರಿಯೂ ಇದೆ. ನಿಶಾ ಪಹುಜಾ ಅವರ ‘ಟು ಕಿಲ್ ಎ ಟೈಗರ್’ (2022) ಜಾರ್ಖಂಡ್‌ನ ಹದಿಮೂರರ ಹುಡುಗಿಯ ಮೇಲೆ ನಡೆದ ಸಾಮೂಹಿಕ ಅತ್ಯಾಚಾರದ ಚಿತ್ರ. ಅತ್ಯಾಚಾರಿಗಳಲ್ಲಿ ಒಬ್ಬನಿಗೇ ಕೊಟ್ಟು ಮದುವೆ ಮಾಡಿ ಮುಗಿಸಿ ಎಂದ ಊರಿನವರ ಎದುರು ರೈತ ತಂದೆ ಮಗಳ ಬೆನ್ನಿಗೆ ನಿಂತರು, ಕೋರ್ಟಿನಲ್ಲಿ ಗೆದ್ದರು. ಹುಡುಗಿ ಹದಿನೆಂಟು ದಾಟಿ, ಚಿತ್ರ ನೋಡಿ, ಮುಖ ಮರೆಸುವುದು ಬೇಡವೆಂದ ಮೇಲೆಯೇ ಅದು ತೆರೆಗೆ ಬಂತು. 2024ರಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಹಾಗಿದ್ದೂ ಬಾಲಕಿಯಾಗಿದ್ದಾಗಿನ ಗುರುತು ತೋರಿಸಿದ್ದು ಸರಿಯೇ ಎಂಬ ಪ್ರಶ್ನೆ ದೆಹಲಿ ಹೈಕೋರ್ಟಿನವರೆಗೆ ಹೋಯಿತು. ವಯಸ್ಕಳಾದ ಸಂತ್ರಸ್ತೆ ತಾನಾಗಿ ಬರೆದುಕೊಟ್ಟರೆ ಗುರುತು ಪ್ರಕಟಿಸಬಹುದು ಎಂದು ಸುಪ್ರೀಂ ಕೋರ್ಟ್ 2018ರ ನಿಪುಣ್ ಸಕ್ಸೇನಾ ತೀರ್ಪಿನಲ್ಲಿ ಹೇಳಿದೆ. ಅಂದರೆ ಕಾನೂನು ಆಕೆಯ ಬಾಯಿ ಕಟ್ಟಿಲ್ಲ. ಬೇರೆಯವರು ಆಕೆಯ ಪರವಾಗಿ ತೀರ್ಮಾನಿಸುವುದನ್ನು ತಡೆದಿದೆ, ಅಷ್ಟೆ.

ನಮ್ಮ ಯಾದಗಿರಿ ಭಾಗಕ್ಕೆ ಈ ಒಪ್ಪಿಗೆಯ ಪ್ರಶ್ನೆ ಇಂದಿನ ವಿಷಯ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 1982ರಲ್ಲೇ ರೂಪುಗೊಂಡಿತ್ತು. ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದು ಕದ್ದುಮುಚ್ಚಿ ಆಮೇಲೂ ನಡೆಯಿತು. 1993–94 ಮತ್ತು 2007–08ರ ಸಮೀಕ್ಷೆಗಳು ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಿದವು. ಆ ಅಂಕಿಯೊಳಗಿರುವ ವೃದ್ಧೆಯರಲ್ಲಿ ಎಷ್ಟೋ ಮಂದಿ ಎಳವೆಯಲ್ಲೇ ದೇಹದ ಮೇಲಿನ ಹಕ್ಕು ಕಳೆದುಕೊಂಡವರು. ಅವರ ಮಾತು ದಾಖಲಾಗಲೇಬೇಕು, ಬೇಗ ಆಗಬೇಕು. ಆದರೆ ಚಿತ್ರ ಮಾಡಲು ಬರುವವರು ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಬಾರದು. ಒಪ್ಪಿಗೆ ಪತ್ರವನ್ನು ಅವರಾಡುವ ಕನ್ನಡದಲ್ಲಿ ಓದಿ ಹೇಳಬೇಕು. ಸಂಕಲನ ಮುಗಿದ ಚಿತ್ರವನ್ನು ಮೊದಲು ಅವರಿಗೇ ತೋರಿಸಬೇಕು. ಮಗಳ ಮದುವೆ ಗೊತ್ತಾಗಿದೆ, ಮೊಮ್ಮಗ ಹಾಸ್ಟೆಲ್ ಸೇರಿದ್ದಾನೆ, ಈಗ ಬೇಡ ಎಂದರೆ ಆ ಭಾಗವನ್ನು ಮರುಮಾತಿಲ್ಲದೆ ತೆಗೆಯಬೇಕು. ಮುಖ ಬೇಡವೆಂದವರ ದನಿ ಸಾಕು, ಕೈಗಳು ಸಾಕು.

ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗವಿದೆ. ಅಲ್ಲಿನ ಅಧ್ಯಾಪಕರು ಮನಸ್ಸು ಮಾಡಿ, ಯಾದಗಿರಿ ಜಿಲ್ಲೆಯ ಮಾಜಿ ದೇವದಾಸಿಯರ ಹೆಣ್ಣುಮಕ್ಕಳಿಗೆ ಚಿತ್ರೀಕರಣ, ಸಂಕಲನದ ತರಬೇತಿ ಕೊಡಲಿ. ಜಿಲ್ಲಾಡಳಿತ ಅದರ ಖರ್ಚು ಹೊರಲಿ.

– ಓದುಗರು, ಶಹಾಪುರ