ಅಲ್ಪವಿರಾಮ ಸರಿ, ಆಕರ ಎಲ್ಲಿ?

ವೈಜ್ಞಾನಿಕ ಲೇಖನ ಬರೆಯುವ ಕಲೆಯ ಕುರಿತ ಇಂಗ್ಲಿಷ್ ಲೇಖನವೊಂದನ್ನು ಸುಮಾರು 400 ಸಂಶೋಧನಾ ಪ್ರಬಂಧಗಳು ತಮ್ಮ ಆಕರಪಟ್ಟಿಯಲ್ಲಿ ಸೇರಿಸಿಕೊಂಡಿವೆ. ಬರೆದವರು ವಾನ್ ಡೆರ್ ಗೀರ್, ಹಾನ್ರಾಡ್ಸ್ ಮತ್ತು ಲಪ್ಟನ್. ಪ್ರಕಟವಾದ ವರ್ಷ 2000. ಸಂಪುಟ 163, ಪುಟ 51ರಿಂದ 59. ಇಷ್ಟೆಲ್ಲ ವಿವರವಿದ್ದರೂ ಆ ಲೇಖನವನ್ನು ಯಾರೂ ಓದಿಲ್ಲ. ಯಾಕೆಂದರೆ ಅದನ್ನು ಯಾರೂ ಬರೆದೇ ಇಲ್ಲ. ಆಕರಪಟ್ಟಿ ಹೇಗಿರಬೇಕೆಂದು ತೋರಿಸಲು ಎಲ್ಸೆವಿಯರ್ ಪ್ರಕಾಶನ ಸಂಸ್ಥೆ ಲೇಖಕರಿಗೆ ಕೊಟ್ಟಿದ್ದ ಕಾಲ್ಪನಿಕ ಮಾದರಿ ಅದು. ಮಾದರಿ ಕಡತದೊಳಗೇ ತಮ್ಮ ಪ್ರಬಂಧ ತುಂಬಿದ ಅನೇಕರು ಆ ಸಾಲನ್ನು ಅಳಿಸದೆ ಬಿಟ್ಟಿದ್ದರು. ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕ ಪೀಟರ್ ಕ್ರೂನೆನ್‌ಬರ್ಗ್ ಅದರ ಜಾಡು ಹಿಡಿದು ಹೊರಟಿದ್ದರಿಂದ 2017ರಲ್ಲಿ ಗುಟ್ಟು ಬಯಲಾಯಿತು.

ಆ ಸಾಲಿನಲ್ಲಿ ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ.

ಉಲ್ಲೇಖದ ನಿಯಮಗಳು ಹುಟ್ಟಿದ್ದು ಬರೆಯುವವರಿಗೆ ಕಾಟ ಕೊಡಲಿಕ್ಕಲ್ಲ. 1978ರಲ್ಲಿ ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ, ಹಸ್ತಪ್ರತಿಗಳಿಗೆ ತಮ್ಮೆಲ್ಲ ಪತ್ರಿಕೆಗಳೂ ಒಪ್ಪುವ ಒಂದೇ ಸ್ವರೂಪ ಇರಲಿ ಎಂದು ಹೊರಟರು. ಅದು ಈಗ ಎಪಿಎ, ಎಂಎಲ್ಎ, ಶಿಕಾಗೊಗಳ ಸಾಲಿನಲ್ಲಿ ನಿಂತಿರುವ ಮತ್ತೊಂದು ಶೈಲಿ. ಉಲ್ಲೇಖ ಜೋಡಿಸುವ ತಂತ್ರಾಂಶಗಳು ಬಳಸುವ ಮುಕ್ತ ಭಂಡಾರವೊಂದರಲ್ಲಿ 10,000ಕ್ಕೂ ಹೆಚ್ಚು ಶೈಲಿ ಕಡತಗಳಿವೆ. ಬಹುಪಾಲು ಒಂದೇ ಶೈಲಿಗೆ ಅಂಟಿಸಿದ ಬೇರೆ ಬೇರೆ ಪತ್ರಿಕೆಗಳ ಹೆಸರು, ನಿಜ. ಆದರೂ ಒಂದಕ್ಕೊಂದು ಹೊಂದದ ಶೈಲಿಗಳೇ ಸಾವಿರ ದಾಟುತ್ತವೆ. ವರ್ಷ ಆವರಣದ ಒಳಗೋ ಹೊರಗೋ, ಪತ್ರಿಕೆಯ ಹೆಸರು ಓರೆಯೋ ನೇರವೋ ಎನ್ನುವುದಷ್ಟೇ ಇವುಗಳ ಜಗಳ.

ಈ ಜಗಳಕ್ಕೆ ಬೆಲೆಯಿದೆ. 41 ದೇಶಗಳ 372 ಮಂದಿಯನ್ನು ಕೇಳಿ ಸಿದ್ಧಪಡಿಸಿದ ಅಧ್ಯಯನವೊಂದು 2019ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಬಂತು. ಆಕರಪಟ್ಟಿಯೂ ಸೇರಿದಂತೆ ಒಂದು ಪ್ರಬಂಧದ ಒಪ್ಪ ಓರಣಕ್ಕೇ ಸುಮಾರು 14 ಗಂಟೆ ಹಿಡಿಯುತ್ತದೆ, ಒಬ್ಬ ಸಂಶೋಧಕರಿಗೆ ವರ್ಷಕ್ಕೆ 52 ಗಂಟೆ ಎಂಬುದು ಅದರ ಲೆಕ್ಕ. ಒಂದು ಪತ್ರಿಕೆ ತಿರಸ್ಕರಿಸಿದರೆ ಇನ್ನೊಂದರ ಶೈಲಿಗೆ ಮತ್ತೆ ಮೊದಲಿನಿಂದ ತಿದ್ದಬೇಕು. ಎಲ್ಸೆವಿಯರ್ 2011ರಿಂದೀಚೆಗೆ ತನ್ನ ಪತ್ರಿಕೆಗಳಲ್ಲಿ ಈ ಬಿಗಿಯನ್ನು ಸಡಿಲಿಸುತ್ತ ಬಂದಿದೆ; ಮೊದಲ ಸಲ ಕಳುಹಿಸುವಾಗ ಯಾವ ಶೈಲಿಯಾದರೂ ಸರಿ, ಉದ್ದಕ್ಕೂ ಒಂದೇ ಇದ್ದರೆ ಸಾಕು ಎನ್ನುತ್ತದೆ. ಉಳಿದ ಕೆಲಸಕ್ಕೆ 2006ರಿಂದ ಉಚಿತವಾಗಿ ಸಿಗುವ ಝೊಟೆರೊ ತಂತ್ರಾಂಶ ಇದೆ.

ಹಾಗಾದರೆ ಕರ್ನಾಟಕದ ಮಹಾಪ್ರಬಂಧಗಳ ಮೇಲೆ ಆಡುವ ಕೆಂಪು ಪೆನ್ನು ಏನನ್ನು ಹುಡುಕಬೇಕು? ಯುಜಿಸಿಯ 2018ರ ನಿಯಮಾವಳಿ ಕೃತಿಚೌರ್ಯವನ್ನು ಶೇಕಡಾವಾರು ಅಳೆಯುತ್ತದೆ. ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. ಆದರೆ ಆ ಪರಿಶೀಲನೆಯಿಂದ ಗ್ರಂಥಸೂಚಿಯನ್ನು ಹೊರಗಿಡಲಾಗಿದೆ. ಅದು ಸಹಜವೇ, ಪುಸ್ತಕದ ಹೆಸರನ್ನು ಬೇರೆ ಥರ ಬರೆಯಲಾಗದು. ಪರಿಣಾಮವೇನೆಂದರೆ, ಪಟ್ಟಿಯಲ್ಲಿರುವ ಪುಸ್ತಕ ನಿಜವಾಗಿ ಇದೆಯೇ ಎಂದು ಹೋಲಿಕೆ ಅಳೆಯುವ ತಂತ್ರಾಂಶ ನೋಡುವುದಿಲ್ಲ. ನೋಡಬೇಕಾದ ಮಾರ್ಗದರ್ಶಕರು ಪೂರ್ಣವಿರಾಮ ಎಣಿಸುತ್ತ ಕೂತರೆ ಪಟ್ಟಿಯನ್ನು ಓದುವವರೇ ಇಲ್ಲದಂತಾಗುತ್ತದೆ.

ಕನ್ನಡದ ಆಕರಗಳಿಗೆ ಇನ್ನೊಂದು ಸಂಕಟವಿದೆ. ಹೆಸರಿನ ಕೊನೆಯ ಪದವೇ ಮನೆತನದ ಹೆಸರು ಎಂದು ನಂಬುವ ಶೈಲಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ ‘ಅಯ್ಯಂಗಾರ್, ಎಂ.ವಿ.’ ಆಗುತ್ತಾರೆ. ಮಾಸ್ತಿಯನ್ನು ಹುಡುಕುವ ಕನ್ನಡ ಓದುಗ ಅಲ್ಲಿಗೆ ಹೋಗುವುದೇ ಇಲ್ಲ. ಇಂಥಲ್ಲಿ ಶೈಲಿಯನ್ನು ಬಗ್ಗಿಸುವುದೇ ಸರಿ. ಬಗ್ಗಿಸಬಾರದ ಸಂಗತಿಗಳೂ ಇವೆ. ಶಾಸನಗಳನ್ನು ಉಲ್ಲೇಖಿಸುವವರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟ, ತಾಲ್ಲೂಕು, ಸಂಖ್ಯೆ ಕೊಟ್ಟು ಮುಗಿಸುತ್ತಾರೆ. ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ಮಾಲೆಗೂ ಮೈಸೂರು ವಿಶ್ವವಿದ್ಯಾಲಯ 1970ರ ದಶಕದಿಂದ ತಂದ ಪರಿಷ್ಕೃತ ಸಂಪುಟಗಳಿಗೂ ಸಂಖ್ಯೆಗಳು ತಾಳೆಯಾಗುವುದಿಲ್ಲ. ಯಾವ ಆವೃತ್ತಿ ಎಂದು ಬರೆಯದಿದ್ದರೆ ಓದುಗ ಬೇರೆಯದೇ ಶಾಸನದ ಮುಂದೆ ನಿಲ್ಲುತ್ತಾನೆ. ಅಲ್ಪವಿರಾಮ ತಪ್ಪಿದರೆ ಹಾಗಾಗುವುದಿಲ್ಲ.

ಒಂದು ಕಾಲಕ್ಕೆ ಅಚ್ಚುಕಟ್ಟಾದ ಪಟ್ಟಿ ಅಚ್ಚುಕಟ್ಟಾದ ಓದಿನ ಗುರುತಾಗಿತ್ತು. ಚಾಟ್‌ಜಿಪಿಟಿ ಬಂದ ಮೇಲೆ ಆ ನಂಬಿಕೆಗೂ ಆಧಾರವಿಲ್ಲ. ವಿಮಾನ ಸಂಸ್ಥೆಯೊಂದರ ಮೇಲಿನ ದಾವೆಯಲ್ಲಿ ನ್ಯೂಯಾರ್ಕ್‌ನ ವಕೀಲರು ಸಲ್ಲಿಸಿದ ತೀರ್ಪುಗಳು ಅದೇ ಹೆಣೆದುಕೊಟ್ಟವು. ಪ್ರಕರಣದ ಹೆಸರು, ನ್ಯಾಯಾಲಯ, ವರ್ಷ ಎಲ್ಲವೂ ಕ್ರಮವಾಗಿದ್ದವು, ತೀರ್ಪುಗಳು ಮಾತ್ರ ಇರಲಿಲ್ಲ. 2023ರ ಜೂನ್‌ನಲ್ಲಿ ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಪ್ರಬಂಧ ಬರೆಯುವವರ ಕೈಯಲ್ಲೂ ಈಗ ಇರುವುದು ಅದೇ ಯಂತ್ರ.

ಆದ್ದರಿಂದ ವಿಶ್ವವಿದ್ಯಾಲಯಗಳು ಉದ್ದಕ್ಕೂ ಒಂದೇ ರೀತಿ ಇರುವ ಯಾವ ಶೈಲಿಯನ್ನಾದರೂ ಒಪ್ಪಿಕೊಳ್ಳಲಿ. ಕನ್ನಡ ಲೇಖಕರ ಹೆಸರು ಪುಸ್ತಕದ ಮುಖಪುಟದಲ್ಲಿ ಇರುವಂತೆಯೇ ಪಟ್ಟಿಗೆ ಬರಲಿ. ಆವೃತ್ತಿ ಮತ್ತು ಪುಟ ಕಡ್ಡಾಯವಾಗಲಿ. ಅಲ್ಪವಿರಾಮದಲ್ಲಿ ಉಳಿಸಿದ ಸಮಯವನ್ನು ಮೌಖಿಕ ಪರೀಕ್ಷೆಗೆ ಕೊಡಬಹುದು: ಪರೀಕ್ಷಕರು ಪಟ್ಟಿಯಿಂದ ತಮಗೆ ತೋಚಿದ ಹತ್ತು ಆಕರಗಳನ್ನು ಆರಿಸಿ, ಪ್ರಬಂಧದಲ್ಲಿ ಹೇಳಿದ ಮಾತು ಯಾವ ಪುಟದಲ್ಲಿದೆ ತೋರಿಸಿ ಎಂದು ಕೇಳಲಿ. ತೋರಿಸಲಾಗದ ಆಕರ ಪಟ್ಟಿಯಿಂದ ಹೊರಹೋಗಬೇಕು, ಅದನ್ನು ನೆಚ್ಚಿಕೊಂಡ ಅಧ್ಯಾಯವನ್ನು ಅಭ್ಯರ್ಥಿ ಮತ್ತೆ ಬರೆದು ತರಬೇಕು.