ಪಟ್ಟಿಗಾಗಿ ಕಾಯುವ ಮನೆಯ ಕಾಯಿಲೆ

2023ರ ಬೇಸಿಗೆಯಲ್ಲಿ ಅರಕಲಗೂಡು ಕಡೆಯ ಹಳ್ಳಿಯಿಂದ ಅತ್ತೆ ಸೊಸೆ ಇಬ್ಬರೂ ಹೊಳೆನರಸೀಪುರದ ನನ್ನ ಕ್ಲಿನಿಕ್ಕಿಗೆ ಬಂದರು. ಸೊಸೆಗೆ ಇಪ್ಪತ್ತೊಂಬತ್ತು ವರ್ಷ. ತಲೆ ಬಾಚಿದರೆ ಕೂದಲು ಹಿಡಿಹಿಡಿಯಾಗಿ ಕೈಗೆ ಬರುತ್ತಿತ್ತು. ಮೂರು ತಿಂಗಳಿಂದ ಮುಟ್ಟು ಏರುಪೇರಾಗಿತ್ತು. ಮನೆಯವರು ಇನ್ನೊಂದು ಬಗೆಯ ಸಂತೋಷದ ಸುದ್ದಿ ಇರಬಹುದೆಂದು ಎಣಿಸಿ, ಪರೀಕ್ಷೆ ಮಾಡಿಸಿ, ಅದೂ ಅಲ್ಲವೆಂದು ತಿಳಿದು ಬಂದಿದ್ದರು. ರಕ್ತ ಸ್ವಲ್ಪ ಕಡಿಮೆಯಿತ್ತು. ಥೈರಾಯ್ಡ್ ಸರಿಯಾಗಿತ್ತು.

“ರಾತ್ರಿ ನಿದ್ದೆ ಬರುತ್ತೇನಮ್ಮ?” ಎಂದು ಕೇಳಿದೆ. ಸೊಸೆ ತಲೆ ತಗ್ಗಿಸಿದಳು. ಉತ್ತರ ಕೊಟ್ಟವರು ಅತ್ತೆ. “ಎಲ್ಲಿ ಬರುತ್ತೆ ಡಾಕ್ಟ್ರೇ? ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲ್ ನೋಡ್ತಾ ಕೂತಿರ್ತಾಳೆ, ಲಿಸ್ಟು ಏನಾಯ್ತೋ ಅಂತ. ರಾತ್ರಿ ಹೊತ್ತು ಯಾವ ಸರ್ಕಾರ ಲಿಸ್ಟು ಬಿಡುತ್ತೆ, ನೀವೇ ಹೇಳಿ.”

ಆ ವರ್ಷ ಇಂಥ ರೋಗಿಗಳು ನನಗೆ ಹೊಸಬರಾಗಿರಲಿಲ್ಲ. ಆರರಿಂದ ಎಂಟನೇ ತರಗತಿಗೆ ಪಾಠ ಹೇಳುವ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗಾಗಿ 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆದದ್ದು ಓದುಗರಿಗೆ ನೆನಪಿರಬಹುದು. ನವೆಂಬರಿನಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಬಂತು. ಹೆಸರು ಕಂಡವರು ಊರಿಗೆಲ್ಲ ಸಿಹಿ ಹಂಚಿದರು. ಅಷ್ಟರಲ್ಲಿ ತಕರಾರು ಎದ್ದಿತು. ಮದುವೆಯಾದ ಹೆಣ್ಣುಮಗಳ ಜಾತಿ ಮತ್ತು ಆದಾಯದ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲಿರಬೇಕೋ ಎಂಬ ಪ್ರಶ್ನೆ ಹೈಕೋರ್ಟಿಗೆ ಹೋಯಿತು. 2023ರ ಜನವರಿ ಕೊನೆಗೆ ಏಕಸದಸ್ಯ ಪೀಠ ಆ ಪಟ್ಟಿಯನ್ನು ರದ್ದು ಮಾಡಿತು. ಮಾರ್ಚ್‌ನಲ್ಲಿ ಇನ್ನೊಂದು ಪಟ್ಟಿ, ಅದರ ಜೊತೆಗೆ ಮೇಲ್ಮನವಿಗಳು. ಕಡೆಗೆ ಅಕ್ಟೋಬರಿನಲ್ಲಿ ವಿಭಾಗೀಯ ಪೀಠ ಹಿಂದಿನ ಆದೇಶವನ್ನು ಬದಿಗಿಟ್ಟು, ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿಯ ನೇಮಕಕ್ಕೆ ದಾರಿ ಬಿಟ್ಟುಕೊಟ್ಟಿತು. ಪರೀಕ್ಷೆ ಬರೆದ ದಿನದಿಂದ ಲೆಕ್ಕ ಹಾಕಿದರೆ ಹದಿನೇಳು ತಿಂಗಳು.

ಕಾನೂನಿನ ಪ್ರಶ್ನೆಯಲ್ಲಿ ಯಾರು ಸರಿ ಎಂದು ಹೇಳುವುದಕ್ಕೆ ನಾನು ವಕೀಲನಲ್ಲ. ಅನ್ಯಾಯವಾಯಿತು ಎನಿಸಿದವರು ಕೋರ್ಟಿಗೆ ಹೋಗಲೇಬೇಕು. ನಾನು ಹೇಳಹೊರಟಿರುವುದು ಆ ಹದಿನೇಳು ತಿಂಗಳು ದೇಹದ ಮೇಲೆ ಏನು ಮಾಡಿತು ಎಂಬುದನ್ನು. ಮೇಲೆ ಹೇಳಿದ ಸೊಸೆಯ ಪ್ರಮಾಣಪತ್ರದಲ್ಲಿ ತೊಡಕೇ ಇರಲಿಲ್ಲ. ಆದರೂ ಪಟ್ಟಿ ನಿಂತಾಗ ಆಕೆಯ ಊಟ, ನಿದ್ದೆ, ಮುಟ್ಟು ಎಲ್ಲವೂ ಅದರೊಂದಿಗೆ ನಿಂತವು.

ಹೀಗೇಕಾಗುತ್ತದೆ? ಅಪಾಯ ಎದುರಿಗೆ ಬಂದಾಗ ಓಡುವುದಕ್ಕೋ ಹೋರಾಡುವುದಕ್ಕೋ ಸಿದ್ಧವಾಗುವಂತೆ ನಮ್ಮ ಶರೀರದಲ್ಲಿ ಒಂದು ಏರ್ಪಾಡಿದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಜೀರ್ಣಕ್ರಿಯೆ ಹಿಂದೆ ಬೀಳುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಇದು ಒಳ್ಳೆಯದೇ. ನಾಯಿ ಹೋದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ. ಆದರೆ ಪಟ್ಟಿ ನಾಯಿಯ ಹಾಗಲ್ಲ. ಅದು ಬರುವುದೂ ಇಲ್ಲ, ಹೋಗುವುದೂ ಇಲ್ಲ. ದಿನವೂ ಇವತ್ತೇ ಇರಬಹುದು ಎಂದು ಶರೀರ ಸೊಂಟ ಕಟ್ಟಿಕೊಂಡು ನಿಂತಿರುತ್ತದೆ. ತಿಂಗಳುಗಟ್ಟಲೆ ಹೀಗೆ ನಿಂತರೆ ಹೊಟ್ಟೆಯಲ್ಲಿ ಉರಿ, ಹುಳಿತೇಗು, ಕೆಲವರಿಗೆ ಪದೇ ಪದೇ ಭೇದಿ, ಕತ್ತಿನ ಹಿಂಭಾಗ ಬಿಗಿದು ತಲೆನೋವು. ಮುಟ್ಟನ್ನು ನಿಯಂತ್ರಿಸುವ ಮಿದುಳಿನ ಭಾಗಕ್ಕೂ ಈ ಗೊಂದಲ ತಟ್ಟುತ್ತದೆ. ಕೂದಲಂತೂ ದೊಡ್ಡ ಆತಂಕ ಶುರುವಾದ ಎರಡು ಮೂರು ತಿಂಗಳ ನಂತರ ಉದುರುತ್ತದೆ. ಹಾಗಾಗಿ ಜನ ಕಾರಣವನ್ನು ಬಿಟ್ಟು ಶಾಂಪೂ ಬದಲಿಸುತ್ತಾರೆ.

ಇನ್ನೊಂದು ವಿಷಯ. ‘ಇಲ್ಲ’ ಎಂಬ ಉತ್ತರಕ್ಕಿಂತ ‘ಗೊತ್ತಿಲ್ಲ’ ಎಂಬುದೇ ಮನುಷ್ಯನನ್ನು ಹೆಚ್ಚು ಹಿಂಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 45 ಮಂದಿಗೆ ಕಂಪ್ಯೂಟರಿನಲ್ಲಿ ಒಂದು ಆಟ ಆಡಿಸಿ, ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ಯಾವ ಕಲ್ಲಿನ ಕೆಳಗೆ ಹಾವಿದೆ ಎಂದು ಊಹಿಸಬೇಕು. ಹಾವು ಕಂಡರೆ ಕೈಗೆ ನೋವಾಗುವಂತೆ ಒಂದು ಸಣ್ಣ ಶಾಕ್. ಆಡುವವರು ಎಷ್ಟು ಬೆವರುತ್ತಾರೆ, ಕಣ್ಣಿನ ಪಾಪೆ ಎಷ್ಟು ಹಿಗ್ಗುತ್ತದೆ ಎಂದು ಅಳೆದರು. ಶಾಕ್ ಖಂಡಿತ ಎಂದು ಗೊತ್ತಿದ್ದಾಗ ಆದ ಆತಂಕಕ್ಕಿಂತ, ಆಗಬಹುದು ಅಥವಾ ಆಗದಿರಬಹುದು ಎಂದು ಅರ್ಧಕ್ಕರ್ಧ ಸಂಶಯವಿದ್ದಾಗ ಆದ ಆತಂಕವೇ ಹೆಚ್ಚು!

ಇದನ್ನು ನಾನು ಕ್ಲಿನಿಕ್ಕಿನಲ್ಲೇ ಕಂಡೆ. ಹೊಳೆನರಸೀಪುರದ ಹತ್ತಿರದ ಯುವಕನೊಬ್ಬ ಎದೆನೋವೆಂದು ಹಾಸನಕ್ಕೆ ಹೋಗಿ ಇ.ಸಿ.ಜಿ., ಎಕೋ, ಟ್ರೆಡ್‌ಮಿಲ್ ಎಲ್ಲ ಮಾಡಿಸಿ, ವರದಿಗಳ ಕಟ್ಟು ಹಿಡಿದು ಬಂದಿದ್ದ. ಹೃದಯ ಗಟ್ಟಿಯಾಗಿತ್ತು. ಅಂಚಿನಲ್ಲಿ ಹೆಸರು ತಪ್ಪಿಹೋದವನು. ಪಟ್ಟಿ ಮತ್ತೆ ಬದಲಾದರೆ ತನ್ನದೂ ಬರಬಹುದೆಂಬ ಆಸೆ. ಅಕ್ಟೋಬರಿನ ಆದೇಶದ ನಂತರ ಅವನ ಆಸೆ ಮುಗಿಯಿತು. ಈಗ ಇವನು ಕುಸಿದುಬೀಳುತ್ತಾನೆ ಎಂದು ಮನೆಯವರು ಹೆದರಿ ಕರೆತಂದರು. “ಸಾರ್, ಬೇಜಾರಾಗಿದೆ. ಆದರೆ ನಿನ್ನೆ ರಾತ್ರಿ ಹತ್ತಕ್ಕೆ ಮಲಗಿದವನು ಬೆಳಗ್ಗೆ ಏಳಕ್ಕೆ ಎದ್ದೆ” ಎಂದ. ಆ ವಾರ ಅತ್ತ, ಆಮೇಲೆ ಮನೆಪಾಠ ಶುರುಮಾಡಿದ. ಎದೆನೋವು ಮತ್ತೆ ಬರಲಿಲ್ಲ.

ನನಗೂ ಇದು ಅನುಭವದ ಮಾತೇ. ನನ್ನ ಹೆಸರಿನ ಮುಂದೆ ಇಂದಿಗೂ ಎಂ.ಬಿ.ಬಿ.ಎಸ್. ಒಂದೇ ಇದೆ. ಸ್ನಾತಕೋತ್ತರ ಸೀಟಿಗಾಗಿ ಎರಡು ಸಲ ಪರೀಕ್ಷೆ ಬರೆದು, ಎರಡನೆಯ ಸಲ ಕಾಯುವ ಪಟ್ಟಿಯಲ್ಲಿ ಹೆಸರು ಬಂದು ಇನ್ನೇನು ಸಿಕ್ಕಿತು ಎನ್ನುವಲ್ಲಿ ತಪ್ಪಿತು. ಆ ಮೂರು ತಿಂಗಳಲ್ಲಿ ಏಳು ಕಿಲೋ ಇಳಿದಿದ್ದೆ. ವೈದ್ಯನಾಗಿಯೂ ನನಗೆ ಕ್ಷಯವೇ ಇರಬೇಕೆಂದು ಎದೆಯ ಎಕ್ಸ್‌ರೇ ತೆಗೆಸಿಕೊಂಡವನು ನಾನು.

ಮನೆಯವರು ಮಾಡುವ ತಪ್ಪು

ಕಾಯುವವರು ಒಬ್ಬರಾದರೆ ಕೇಳುವವರು ಹತ್ತು ಮಂದಿ. ಬೆಳಗ್ಗೆ ಕಾಫಿ ಲೋಟ ಕೊಡುವಾಗ ತಾಯಿ “ಏನಾದ್ರೂ ಬಂತೇನೋ?” ಎನ್ನುತ್ತಾರೆ. ಮಧ್ಯಾಹ್ನ ಚನ್ನರಾಯಪಟ್ಟಣದಿಂದ ಸೋದರಮಾವನ ಫೋನು. ಸಂಜೆ ಪಕ್ಕದ ಮನೆಯವರು. ಅವರೆಲ್ಲರದೂ ಪ್ರೀತಿಯೇ, ನಿಜ. ಆದರೆ ಪ್ರತಿ ಸಲ ಕೇಳಿದಾಗಲೂ ಆರಿದ ಗಾಯದ ಮೇಲಿನ ಹಕ್ಕಳೆ ಕಿತ್ತಂತೆ. ಸುದ್ದಿ ಬಂದರೆ ಆ ಹುಡುಗ ಓಡಿಬಂದು ನಿಮಗೇ ಮೊದಲು ಹೇಳುತ್ತಾನಲ್ಲವೇ? ಮತ್ತೆ ಕೇಳುವುದೇಕೆ?

ಇದಕ್ಕಿಂತ ಕೆಟ್ಟದ್ದು ಎಲ್ಲವನ್ನೂ ಮುಂದೂಡುವುದು. ನೇಮಕದ ಆದೇಶ ಬರಲಿ ಆಮೇಲೆ ಮದುವೆ, ಆಮೇಲೆ ಮಗು, ಆಮೇಲೆ ಮನೆ ರಿಪೇರಿ, ಕಡೆಗೆ ಅಪ್ಪನ ಕಣ್ಣಿನ ಪೊರೆಯ ಆಪರೇಷನ್ನೂ ಆಮೇಲೆ. ಅರಕಲಗೂಡಿನ ಒಬ್ಬ ತಂದೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. ಮಗಳ ಕೆಲಸವಾದ ಮೇಲೆ ಸರಿಯಾಗಿ ತೋರಿಸಿಕೊಳ್ಳುತ್ತೇನೆ ಎನ್ನುವುದು ಅವರ ಲೆಕ್ಕ. ಅವರೇ ಹೇಳಿದ ಮಾತು ನನಗೆ ಮರೆತಿಲ್ಲ. “ಆಲೂಗೆಡ್ಡೆ ಹಾಕಿದ್ರೆ ಮೂರು ತಿಂಗಳಿಗೆ ಬಂತೋ ಹೋಯ್ತೋ ಗೊತ್ತಾಗುತ್ತೆ ಡಾಕ್ಟ್ರೇ. ಇದು ಬೆಳೆಯೂ ಅಲ್ಲ, ಬರವೂ ಅಲ್ಲ.” ಮಗಳು ಕಾಯುತ್ತಿದ್ದಳು, ಕಾಯಿಲೆ ಇಡೀ ಮನೆಗೆ ಹರಡಿತ್ತು.

ಧೈರ್ಯ ಹೇಳುವುದರ ಬಗ್ಗೆಯೂ ಒಂದು ಮಾತು. “ಆಗೇ ಆಗುತ್ತೆ, ಯೋಚನೆ ಮಾಡಬೇಡ” ಎಂದು ನಾನೂ ಹಿಂದೆ ಹೇಳುತ್ತಿದ್ದೆ. ಈಗ ಬಿಟ್ಟಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ ವಕೀಲಿ ಪರೀಕ್ಷೆ ಬರೆದು ಫಲಿತಾಂಶಕ್ಕಾಗಿ ನಾಲ್ಕು ತಿಂಗಳು ಕಾಯುತ್ತಿದ್ದ 230 ಪದವೀಧರರನ್ನು ಕೇಟ್ ಸ್ವೀನಿ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದರು. ಆತಂಕವನ್ನು ಅದುಮಿಡಲು ಪಟ್ಟ ಪ್ರಯತ್ನಗಳಿಂದ ಹೆಚ್ಚಿನವರಿಗೆ ಪ್ರಯೋಜನವಾಗಲಿಲ್ಲ. ಅಷ್ಟೇ ಅಲ್ಲ, ಕಾಯುವಾಗ ಒದ್ದಾಡಿದವರು ಕೆಟ್ಟ ಸುದ್ದಿ ಬಂದಾಗ ಅದನ್ನು ಉಳಿದವರಿಗಿಂತ ಚೆನ್ನಾಗಿ ಎದುರಿಸಿದರು. ಆದ್ದರಿಂದ ಚಿಂತೆ ಮಾಡುವವರನ್ನು ಗದರಬೇಡಿ. ಚಿಂತೆ ಅಷ್ಟರಮಟ್ಟಿಗೆ ಸಹಜ. ಗಮನವಿಟ್ಟು ಮಾಡಬೇಕಾದ, ಕೈಗೂ ತಲೆಗೂ ಹಿಡಿಯುವ ಒಂದು ಕೆಲಸ ಸಿಕ್ಕರೆ ಹೊತ್ತು ಹಗುರಾಗಿ ಸರಿಯುತ್ತದೆ ಎಂಬುದನ್ನೂ ಇದೇ ಸಂಶೋಧಕಿ ನಂತರದ ಅಧ್ಯಯನಗಳಲ್ಲಿ ಕಂಡಿದ್ದಾರೆ. ಟಿ.ವಿ. ಮುಂದೆ ಕೂರುವುದು ಅಂಥ ಕೆಲಸವಲ್ಲ. ಹೊಲಿಗೆ, ಲೆಕ್ಕ ಹೇಳಿಕೊಡುವುದು, ತೋಟದ ಕೆಲಸ, ಕೇರಂ ಆದರೂ ಸರಿ.

ಆ ಸೊಸೆಗೆ ನಾನು ಕೊಟ್ಟದ್ದು ಕಬ್ಬಿಣಾಂಶದ ಮಾತ್ರೆ, ಮತ್ತು ಒಂದು ಕರಾರು. ಪಟ್ಟಿಯ ಸುದ್ದಿಯನ್ನು ದಿನಕ್ಕೆ ಒಂದೇ ಸಲ, ಸಂಜೆ ಆರಕ್ಕೆ ನೋಡುವುದು. ರಾತ್ರಿ ಒಂಬತ್ತಾದ ಮೇಲೆ ಮೊಬೈಲು ಅತ್ತೆಯ ವಶ. ಅವರು ಅದನ್ನು ಅಕ್ಕಿ ಡಬ್ಬದೊಳಗೆ ಇಡುತ್ತಿದ್ದರಂತೆ! ನಾಲ್ಕು ಗಂಟೆಯ ಮೇಲೆ ಕಾಫಿ ಟೀ ಬೇಡ, ಊಟ ಹೊತ್ತಿಗೆ ಸರಿಯಾಗಿ, ಬೆಳಗ್ಗೆ ಅರ್ಧ ಗಂಟೆ ಬಿರುಸಾಗಿ ನಡಿಗೆ. ಎರಡು ತಿಂಗಳಲ್ಲಿ ಮುಟ್ಟು ಸರಿಹೋಯಿತು. ಕೂದಲಿಗೆ ಇನ್ನೂ ಸಮಯ ಹಿಡಿಯಿತು. ಆದೇಶ ಕೈಗೆ ಬಂದದ್ದು ಆ ವರ್ಷದ ಕೊನೆಗೆ.

ಮೆಡಿಕಲ್ ಸ್ಟೋರಿಗೆ ಹೋಗುವ ಮುನ್ನ

ಕಾಯುವವರು ತಾವಾಗಿಯೇ ತಂದು ನುಂಗುವ ಮಾತ್ರೆಗಳು ಎರಡು ಬಗೆ. ಒಂದು ಗ್ಯಾಸಿನ ಮಾತ್ರೆ. ಕೆಲವು ದಿನಕ್ಕೆ ಪರವಾಗಿಲ್ಲ, ತಿಂಗಳುಗಟ್ಟಲೆ ಕೇಳದೆ ನುಂಗಬಾರದು. ಇನ್ನೊಂದು ಆಲ್ಪ್ರಜೋಲಮ್ ಥರದ ನಿದ್ದೆ ಮಾತ್ರೆ. ಗೆಳೆಯರ ಚೀಟಿ ತೋರಿಸಿ ತಂದುಕೊಳ್ಳುವವರಿದ್ದಾರೆ. ಕೆಲವೇ ವಾರಗಳಲ್ಲಿ ಇದು ಅಭ್ಯಾಸಕ್ಕೆ ಬೀಳುತ್ತದೆ. ಬಹಳ ದಿನ ನುಂಗಿದವರು ಒಮ್ಮೆಲೇ ಬಿಟ್ಟರೆ ಅಪಾಯವೂ ಉಂಟು. ವೈದ್ಯರ ಸಲಹೆಯಂತೆ ಮೆಲ್ಲಗೆ ಇಳಿಸಬೇಕು. ನಮ್ಮಲ್ಲಿ ಕೆಲವರ ತಪ್ಪೂ ಇದೆ. ಹೊಟ್ಟೆಯ ಸ್ಕ್ಯಾನಿಂಗ್ ಬರೆಯುವುದು ಸುಲಭ, “ಯಾವುದಕ್ಕಾದರೂ ಕಾಯುತ್ತಿದ್ದೀರಾ?” ಎಂದು ಕೇಳುವುದಕ್ಕೆ ಐದು ನಿಮಿಷ ಬೇಕು. ಹಾಗೆಂದು ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವುದೂ ತರವಲ್ಲ. ರಕ್ತಹೀನತೆ, ಥೈರಾಯ್ಡ್, ಗರ್ಭ ಇವನ್ನೆಲ್ಲ ಮೊದಲು ನೋಡಲೇಬೇಕು. ನಡೆಯುವಾಗ ಎದೆ ಹಿಡಿದುಕೊಂಡರೆ ಪಟ್ಟಿಯ ನೆಪ ಹೇಳದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಸರ್ಕಾರಕ್ಕೆ ಹೇಳಬೇಕಾದ ಮಾತು. ನಮ್ಮ ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತದೆ. ಜನ ವರ್ಷವಿಡೀ ಕಾಯುತ್ತಾರೆ, ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ಆ ಕಾಯುವಿಕೆಯಿಂದ ನಿದ್ದೆಗೆಟ್ಟು ನನ್ನ ಬಳಿಗೆ ಬಂದವರು ಒಬ್ಬರೂ ಇಲ್ಲ. ಏಕೆಂದರೆ ಯಾವ ದಿನ ತೆರೆಯುತ್ತದೆ, ಯಾವ ದಿನ ಮುಚ್ಚುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ನೇಮಕಾತಿಯಾಗಲಿ, ಟಿ.ಇ.ಟಿ. ಫಲಿತಾಂಶವಾಗಲಿ, ಬಿ.ಇಡಿ. ಸೀಟಾಗಲಿ, ಪ್ರತಿ ಹಂತಕ್ಕೂ ಒಂದು ದಿನಾಂಕ ಹೇಳಿ. ಆ ದಿನ ಆಗದಿದ್ದರೆ ಆಗಲಿಲ್ಲವೆಂದು, ಯಾವ ಕಾರಣಕ್ಕೆ ಎಂದು, ಮುಂದಿನ ದಿನ ಯಾವುದೆಂದು ಅಂದೇ ಪ್ರಕಟಿಸಿ. ಪ್ರಮಾಣಪತ್ರ ಯಾರ ಹೆಸರಿನಲ್ಲಿರಬೇಕು ಎಂಬಂಥ ಪ್ರಶ್ನೆಗೆ ಅರ್ಜಿ ಕರೆಯುವಾಗಲೇ ಅನುಮಾನಕ್ಕೆಡೆಯಿಲ್ಲದ ಉತ್ತರವಿರಲಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ನನ್ನ ದೃಷ್ಟಿಯಲ್ಲಿ ಇದು ಆಡಳಿತದ ವಿಷಯವಾದಷ್ಟೇ ಆರೋಗ್ಯದ ವಿಷಯವೂ ಹೌದು.

ಮನೆಯಲ್ಲಿ ಕಾಯುವವರಿದ್ದರೆ ಕೆಲವು ಲಕ್ಷಣಗಳ ಮೇಲೆ ಕಣ್ಣಿಡಿ. ಎರಡು ವಾರಕ್ಕೂ ಮೀರಿ ನಿದ್ದೆ ಊಟ ಬಿಟ್ಟಿರುವುದು, ಯಾರ ಜೊತೆಯೂ ಮಾತನಾಡದೆ ಕೋಣೆ ಸೇರುವುದು, ಕುಡಿತ ಶುರುವಾಗುವುದು, “ನಾನಿದ್ದು ಏನು ಪ್ರಯೋಜನ” ಎಂಬ ಮಾತು. ಈ ಕೊನೆಯ ಮಾತು ಕಿವಿಗೆ ಬಿದ್ದರೆ ತಮಾಷೆ ಎಂದುಕೊಳ್ಳಬೇಡಿ, ಒಬ್ಬರನ್ನೇ ಬಿಡಬೇಡಿ, ಹೊಲದ ಔಷಧಿಯ ಡಬ್ಬಗಳನ್ನು ಮೊದಲು ಮನೆಯಿಂದ ಸಾಗಿಸಿ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಅಲ್ಲೇ ವಿಚಾರಿಸಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ.